ಸಾಸವಿ ಕಾಳಿನಷ್ಟು ಲಿಂಬಿಹಣ್ಣು

ನನ್ನ ಹತ್ರ ಎಂಟು ಲಾರಿ ಅದಾವ. ಹಿಂಗಂದ್ರ ಹೌಹಾರಬ್ಯಾಡ್ರಿ, ಎಂಟೂ ನಮ್ಮ ಪಡಸಾಲಿ ಶೋಕೇಸಿನ್ಯಾಗ ನಿಂತಾವ. ಡೀಸೆಲ್ ಬೇಕಿಲ್ಲ, ಧೂಳ ಮಾತ್ರ ದಿನಾ ಒರಸಬೇಕು. ಖರೇ ಲಾರಿಯ ಇಪ್ಪತ್ನಾಕು ಇಂಚು ನನ್ನ ಲಾರಿಯೊಳಗ ಒಂದ ಇಂಚು. ಅಂಗಡಿಯಿಂದ ತಂದು ಜೋಡಿಸಿದ್ದಲ್ಲ ಮತ್ತ, ಒಂದೊಂದು ಭಾಗಾನೂ ಕೈಯಾರೆ ಮಾಡಿದ್ದು. ಹವಾಯಿ ಚಪ್ಪಲಿ ಕೊರದು ಟೈರು, ಚಾ ಸೋಸೋ ಜಾಳಗಿ ಕತ್ತರಿಸಿ ಮುಂದಿನ ಜಾಲರಿ, ಗುಳಿಗಿ ಪಾಕೀಟಿನ ಪ್ಲಾಸ್ಟಿಕ್ ಗುಳ್ಳಿಯಿಂದ ಹೆಡ್‌ಲೈಟು, ನಮ್ಮ ಮನಿಯವರ ಹಳೇ ಬನಿಯನ್ನಿಂದ ಮ್ಯಾಲ ಹೊದಿಸೋ ತಾಡಪತ್ರಿ. ಹಳೇದು ಅಂತ ನಾ ಅಂತೇನಿ, ಅವರು ಇನ್ನೂ ಒಪ್ಪಿಲ್ಲ.

ಸವಣೂರಿನ ಸಾಲ್ಯಾಗ ಗಣಿತ ಕಲಿಸೋ ಅಕ್ಕೋರು ನಾನು. ಮಕ್ಕಳಿಗೆ ಅಳತಿ, ಪ್ರಮಾಣ ತಿಳಿಲಿ ಅಂತ ಒಂದ ಲಾರಿ ಮಾಡಿ ಒಯ್ದಿದ್ದೆ. ಮಕ್ಕಳಿಗೆ ಪ್ರಮಾಣ ತಿಳೀಲಿಲ್ಲ, ನನಗ ಲಾರಿ ಹುಚ್ಚು ಹಿಡೀತು. ಈಗ ರಸ್ತೆದಾಗ ಲಾರಿ ಕಂಡ್ರ ಬಗ್ಗಿ ಅದರ ಹೊಟ್ಟಿ ಕೆಳಗ ನೋಡ್ತೇನಿ. ಡ್ರೈವರ್‌ಗಳು ಏನರ ಸೋರಾಕತ್ತೈತೇನೋ ಅಂತ ಗಾಬರಿಯಾಗಿ ಇಳೀತಾರ.

ಆದ್ರ ನನ್ನ ಸಂಕಟ ಬ್ಯಾರೇನ ಐತಿ. ಮನಿಗೆ ಬಂದವ್ರು ಶೋಕೇಸ್ ನೋಡಿದ ಕೂಡ್ಲೆ ನಮ್ಮ ಮನಿಯವರ ಕಡೆ ತಿರಗತಾರ. "ಸಾಹೇಬ್ರ, ಏನ ಕೈಚಳಕರೀ ನಿಮ್ದು!" ನಮ್ಮ ಸಾಹೇಬ್ರು ಮೂವತ್ತು ವರ್ಷ ಕಚೇರ್ಯಾಗ ಫೈಲ್ ಕಟ್ಟಿ ನಿವೃತ್ತರಾದವ್ರು. ಮೊಳಿ ಬಡದ್ರ ಸುತಗಿ ಬೆರಳಿಗೇ ಬೀಳತೈತಿ. ಪ್ರಾಮಾಣಿಕ ಮನಷ್ಯಾ. "ಅಯ್ಯ, ನಂದಲ್ರಿ, ನಮ್ಮಾಕಿ ಮಾಡ್ಯಾಳ" ಅಂತ ಮೊದಮೊದಲು ಹೇಳತಿದ್ರು. ಬಂದವ್ರು ಒಬ್ಬರ ಮುಖ ಒಬ್ಬರು ನೋಡಿ, "ದೊಡ್ಡ ಮನಸ್ಸು ನೋಡ್ರಿ, ತಾವು ಮಾಡಿ ಹೇಣ್ತಿ ಹೆಸರು ಹೇಳ್ತಾರ" ಅಂತಿದ್ರು. ಖರೇ ಹೇಳಿದಷ್ಟೂ ಅವರ ಕೀರ್ತಿ ಏರಿತು. ನನ್ನ ಪಾಲಿಗೆ ಬಂದಿದ್ದು ಒಂದ ಮಾತು: "ಅಕ್ಕೋರ, ಚಾ ಭಾಳ ಚಲೋ ಆಗೇತ್ರಿ." ಬರಬರತ ಇವರೂ ಅಲ್ಲಗಳಿಯೋದು ಬಿಟ್ಟು ಸುಮ್ಮನ ನಗಾಕ ಕಲ್ತರು. ಒಂದಿನ ಯಾರಿಗೋ "ಟೈರ ಮಾಡೋದು ಭಾಳ ತ್ರಾಸಿನ ಕೆಲಸ ನೋಡ್ರಿ" ಅಂತ ಹೇಳಿದ್ದು ಅಡಗಿಮನ್ಯಾಗಿದ್ದ ನನ್ನ ಕಿವಿಗೆ ಬಿತ್ತು. ಆವತ್ತಿನ ರೊಟ್ಟಿ ನಾ ಎಷ್ಟ ಬಡದ್ನೆಪಾ ಅಂದ್ರ, ಆಚಿ ಮನಿಯವ್ರು ಬಂದು ಕೇಳಿದ್ರು, ಏನಾತ್ರೀ ಅಂತ.

ಹಾನಗಲ್ಲಿನ ತಾರಕೇಶ್ವರ ಗುಡಿ ನೋಡೀರೇನು? ಗ್ವಾಡಿ ಮ್ಯಾಲ ಸಣ್ಣ ಸಣ್ಣ ಗುಡಿ ಕೆತ್ಯಾರ, ಶಿಖರ ಸಮೇತ, ಬೆರಳುದ್ದದ ಕಂಬ ಸಮೇತ. ನನ್ನ ಲೆಕ್ಕದಾಗ ಸಣ್ಣದು ಮಾಡೋ ನಮ್ಮ ಕುಲದ ಮೂಲಪುರುಷರು ಆ ಶಿಲ್ಪಿಗಳ. ದೊಡ್ಡ ಗುಡಿ ಕಟ್ಟಿದ ಕೈಗೆ ಸಣ್ಣದ್ರ ಚಪಲ ಬಿಟ್ಟಿಲ್ಲ. ಅದನ್ನ ನೋಡಿದಾಗೆಲ್ಲ ನನಗೊಂದ ಅನುಮಾನ ಬರತೈತಿ. ಶಿಲ್ಪಿ ಊಟಕ್ಕ ಹ್ವಾದಾಗ ಬುತ್ತಿ ತಂದ ಹೇಣ್ತಿ ಉಳಿ ಹಿಡದಿರಲಿಕ್ಕಿಲ್ಲ ಅಂತ ಏನ ಗ್ಯಾರಂಟಿ?

ಇರ್ಲಿ. ಆ ಹಾನಗಲ್ಲಿನಿಂದನ ಮಲ್ಲೇಶಪ್ಪ ಅಂತ ಲಾರಿ ಮಾಲಕರು ಬಂದ್ರು. ಅವರ ತಂದಿ ಕಾಲದ ಲಾರಿ, ಮಾವಿನಹಣ್ಣು ಹೊತ್ತು ಹೊತ್ತು ಮುದಿಯಾಗಿತ್ತು, ಗುಜರಿಗೆ ಹಾಕೋದಿತ್ತು. "ಸಾಹೇಬ್ರ, ಅದರ ಒಂದ ಸಣ್ಣ ರೂಪ ಮಾಡಿ ಕೊಡ್ರಿ. ನಮ್ಮವ್ವ ಅದರ ಚಿಂತ್ಯಾಗ ಅನ್ನಾ ಬಿಟ್ಟಾಳ." ಸಾಹೇಬ್ರು ನನ್ನ ಕಡೆ ನೋಡದ "ಆತು" ಅಂದುಬಿಟ್ರು. ನಾ ಮನಸಿನ್ಯಾಗ ಶಪಥಾ ಮಾಡಿದೆ: ಈ ಒಂಬತ್ತನೇ ಲಾರಿ ಯಾರು ಮಾಡ್ಯಾರ ಅನ್ನೋದು ಊರಿಗೆ ಗೊತ್ತಾಗಾಕಬೇಕು.

ಅಳತಿಗೆ ಹೋದ್ವಿ. ಸಾಹೇಬ್ರು ಇಸ್ತ್ರಿ ಅಂಗಿಯೊಳಗ ಟೇಪು ಹಿಡಕೊಂಡು ಲಾರಿ ಸುತ್ತ ಪ್ರದಕ್ಷಿಣಿ ಹಾಕಿದ್ರು. ನಾ ಸೆರಗು ಸಿಗಿಸಿ ಕೆಳಗ ತೂರಿದೆ. "ಹಿಂದಿನ ಗಾಲಿ ಮ್ಯಾಲ ಸ್ಪ್ರಿಂಗಿನ ಪಾಟಾ ಎಷ್ಟ ಅದಾವ್ರಿ, ಹತ್ತೋ ಹನ್ನೊಂದೋ?" ಅಂತ ಕೆಳಗಿಂದ ಕೇಳಿದೆ. ಮುದಿ ಡ್ರೈವರ್ ದಾದಾಪೀರ್ ಬೀಡಿ ಆರಿಸಿ ಬಗ್ಗಿ ನನ್ನ ಮುಖ ನೋಡಿದ. "ಹನ್ನೊಂದ್ರಿ ಅಕ್ಕೋರ. ಒಂದ ಮುರದೈತಿ" ಅಂದ.

ಮೂರು ತಿಂಗಳು ಹಿಡೀತು. ಮುರದ ಪಾಟಾ ಮುರದಂಗ, ಎಡಬಾಗಲದ ಸೊಟ್ಟ ಸೊಟ್ಟಂಗ. ಸಾಹೇಬ್ರನ್ನ ಕರಕೊಂಡು, ಲಾರಿ ತೊಡಿ ಮ್ಯಾಲಿಟ್ಟುಕೊಂಡು ಬಸ್ಸಿನ್ಯಾಗ ಹಾನಗಲ್ಲಿಗೆ ಒಯ್ದೆ. ಅಷ್ಟರಾಗ ಖರೇ ಲಾರಿ ಗುಜರಿಗೆ ಹೋಗಿಬಿಟ್ಟಿತ್ತು. ಮಲ್ಲೇಶಪ್ಪನ ಅವ್ವ ಹೊಸ್ತಿಲದಾಗ ಕುಂತು ದಾರಿ ಕಾಯಾಕತ್ತಿದ್ರು. ನೋಡಿದವ್ರ ಎರಡೂ ಗಲ್ಲಕ್ಕ ಕೈ ಹಚ್ಚಿಕೊಂಡು, "ಯಪ್ಪಾ, ನಮ್ಮ ಲಕ್ಷ್ಮಿ ಬಂತು! ತಡೀರಿ, ಪೂಜಾ ಆಗದ ಗಾಡಿ ಒಳಗ ಬರಬಾರದು" ಅಂದ್ರು. ಇಭೂತಿ, ಹೂವು, ಊದಿನಕಡ್ಡಿ ಎಲ್ಲಾ ಆತು. ಆಮ್ಯಾಲ ಒಂದ ಲಿಂಬಿಹಣ್ಣು ಸಾಹೇಬ್ರ ಕೈಯಾಗ ಕೊಟ್ಟು, "ಗಾಲಿ ಕೆಳಗ ಇಟ್ಟು ದಾಟಿಸ್ರಿ" ಅಂದ್ರು.

ನೋಡ್ರಿ, ಆ ಲಿಂಬಿಹಣ್ಣು ಗಾಲಿಗಿಂತ ದೊಡ್ಡದು. ನಮ್ಮ ಲಾರಿ ಲೆಕ್ಕದಾಗ ಅದು ಮೂರೂವರಿ ಫೂಟಿನ ಲಿಂಬಿಹಣ್ಣು! ನಾ "ಬ್ಯಾಡ್ರಿ" ಅನ್ನೋದ್ರಾಗ ಸಾಹೇಬ್ರು ಲಾರಿ ಎತ್ತಿ ಅದರ ಮ್ಯಾಲ ಏರಿಸಿ ಅದುಮಿದ್ರು. ಲಟಕ್ ಅಂತು. ಮುಂದಿನ ಅಚ್ಚು ಮುರದು ಎರಡೂ ಗಾಲಿ ಅಂಗಳಕ್ಕ ಉಳ್ಳಿದ್ವು.

ಅಜ್ಜಿ ಮುಖ ಕಪ್ಪಿಟ್ಟಿತು. "ಹೊಸ್ತಿಲದಾಗ ಮುರೀತಲ್ಲೋ!" ಎಲ್ಲಾರೂ ಸಾಹೇಬ್ರನ್ನ ನೋಡಿದ್ರು. ಸಾಹೇಬ್ರು ಒಂದ ಗಾಲಿ ಕೈಯಾಗ ಹಿಡಕೊಂಡು ದಳಾದಳಾ ಬೆವರಾಕತ್ತಿದ್ರು. ಖರೇ ಹೇಳ್ತೇನಿ, ಒಂದ ಗಳಿಗಿ ನನಗ ಭಾಳ ಸುಖ ಆತು. ಆಮ್ಯಾಲ ಅಜ್ಜಿ ಕಣ್ಣಾಗ ನೀರು ಕಂಡ್ವು, ಆ ಸುಖ ಇಳದುಹೋತು.

ನೆಲಕ್ಕ ಕುಂತೆ. ತುರಬಿನ ಪಿನ್ನು ತಗದು ನೆಟ್ಟಗ ಮಾಡಿ, ಅಜ್ಜಿಯ ಅಡಕತ್ತರಿಯಿಂದ ತುದಿ ಮಣಿಸಿ, ಅಚ್ಚು ಕೂಡಿಸಿ ಗಾಲಿ ಏರಿಸಿದೆ. "ಅಜ್ಜಿ, ಈಗ ಸಾಸವಿ ಡಬ್ಬಿ ತರಸ್ರಿ" ಅಂದೆ. ಲಿಂಬಿಹಣ್ಣನ್ನ ಇಪ್ಪತ್ನಾಕರಿಂದ ಭಾಗಿಸಿದ್ರ ಏನ ಬರತೈತಿ? ಒಂದ ಸಾಸವಿ ಕಾಳು. ಗಾಲಿಗೊಂದರಂತ ಇಟ್ಟು, ಲಾರಿ ಮೆಲ್ಲಕ ದಬ್ಬಿದೆ. ಚುರ್ ಅಂತ ಸಪ್ಪಳಾತು. ದಾಟಿತು ಲಾರಿ, ಹೊಸ್ತಿಲ ದಾಟಿ ಒಳಗ ಹೋತು.

ಅಜ್ಜಿ ನನ್ನ ಗಲ್ಲಾ ಹಿಡದು, ದೃಷ್ಟಿ ತಗದು ಬೆರಳ ಲಟಿಗಿ ಮುರದ್ರು. "ಶ್ಯಾಣೇಕಿ ಅದೀಯವ್ವಾ! ನಿನ್ನ ಗಂಡ ಎಷ್ಟ ಚಲೋ ಕಲಿಸ್ಯಾನ ನೋಡು."

ಸಾಹೇಬ್ರಿಗೆ ತಡಿಯಾಕಾಗಲಿಲ್ಲ. "ಯವ್ವಾ, ನಿಮ್ಮ ಕಾಲಿಗೆ ಬೀಳ್ತೇನಿ, ನನಗ ಏನೇನೂ ಬರಂಗಿಲ್ಲ!" ಅಂತ ಒದರಿದ್ರು. ಅಜ್ಜಿ ಮಗನ ಕಡೆ ತಿರುಗಿ, "ಎಷ್ಟ ಕಲ್ತಿದ್ರೂ ಗರ್ವ ಇಲ್ಲ" ಅಂದ್ರು.

ದಾದಾಪೀರ್ ಮಾತ್ರ ಬಾಯಿ ಮುಚ್ಚಿಕೊಂಡು ನಗಾಕತ್ತಿದ್ದ. ಹೊರಡೋ ಮುಂದ ಬಂದು ಹಳೇ ಲಾರಿಯ ಕೀಲಿಕೈ ನನ್ನ ಕೈಯಾಗಿಟ್ಟ. "ಗಾಡಿ ಹೋತು, ಇದೊಂದ ನನ್ನ ಕಿಸೇದಾಗ ಉಳದಿತ್ತು. ನೀವ ಇಟ್ಟುಕೊಳ್ರಿ ಅಕ್ಕೋರ." ಒಬ್ಬರಿಗೆ ಗೊತ್ತಾತಲ್ಲ ಅಂತ ಆ ಕೀಲಿಕೈ ಸೆರಗಿನ ತುದಿಗೆ ಕಟ್ಟಿಕೊಂಡೆ. ಊರಿಗೆಲ್ಲಾ ಗೊತ್ತಾಗೋದು ಏನ ಬೇಕು ಅನಿಸ್ತು.

ನಮ್ಮ ಮನಿಯವರಿಗೆ ಆವತ್ತಿಂದ ಪಶ್ಚಾತ್ತಾಪ ಹತ್ತೇತಿ. ಮಂದಿ ಬಂದ್ರ ನಾ ಪಡಸಾಲ್ಯಾಗ ಕುಂದರತೇನಿ, ಅವರು ಅಡಗಿಮನಿಗೆ ಹೋಗಿ ಚಾ ಮಾಡ್ತಾರ. ಯಾಲಕ್ಕಿ ಜಜ್ಜಿ, ಹಸಿಶುಂಠಿ ಹಾಕಿ, ನನಗಿಂತ ಚಲೋನ ಮಾಡ್ತಾರ. ಬಂದವ್ರು ಒಂದ ಗುಟುಕು ಕುಡದು ನನ್ನ ಕಡೆ ತಿರುಗಿ, "ಅಕ್ಕೋರ, ಚಾ ಭಾಳ ಚಲೋ ಆಗೇತ್ರಿ" ಅಂತಾರ.

ನಾನೂ ಈಗ ಸುಮ್ಮನ ನಗತೇನಿ.