ನಿಧಾನವಾಗಿ ಬರೆದ ಉತ್ತರ

ಸುರಪುರದ ದಾವಲಬೀಯ ಮನೆಮಾತು ದಖನಿ. ಕನ್ನಡ ಕಲಿತದ್ದು ಬಳೆ ಮಾರುತ್ತ. ಹದಿಮೂರರಲ್ಲಿ ತಾಯಿಯ ಹಿಂದೆ ಗಂಟು ಹೊತ್ತು ರಂಗಂಪೇಟೆಯ ಓಣಿಗಳಿಗೆ ಹೋದಳು. ಗಾಜಿನ ಬಳೆ ಗೆಣ್ಣು ದಾಟುವಾಗ ಬಳೆಗಾರ್ತಿಯ ಮಾತು ನಿಲ್ಲಬಾರದು. ನಿಂತರೆ ಎದುರಿನವಳ ಗಮನ ಕೈಗೆ ಹೋಗುತ್ತದೆ, ಕೈ ಬಿಗಿಯುತ್ತದೆ, ಬಳೆ ಒಡೆಯುತ್ತದೆ. ಹೀಗೆ ಮೂವತ್ತು ವರ್ಷ ಅವಳು ಯೋಚಿಸದೆ ಕನ್ನಡ ಆಡಿದಳು.

ಈಗ ಮೊಣಕಾಲುಗಳು ಸೋತಿವೆ. ಅವಳ ಓಣಿಯ ಹೆಂಗಸರಿಗೆ ಕನ್ನಡ ಕಲಿಸಲು ಒಂದು ಸಂಸ್ಥೆ ಸಂಜೆಶಾಲೆ ತೆರೆಯುವುದಿತ್ತು. ಟೀಚರದು ಕುಳಿತು ಮಾಡುವ ಕೆಲಸ. ಸಾಕ್ಷರತಾ ತರಗತಿಯಲ್ಲಿ ಓದುಬರಹ ಕಲಿತಿದ್ದ ದಾವಲಬೀ ಅರ್ಜಿ ಹಾಕಿದಳು.

ಪರೀಕ್ಷೆ ನಡೆಸಲು ಯಾದಗಿರಿಯಿಂದ ಪಂಚಶೀಲಾ ಬಂದಳು. ಬಳಿಚಕ್ರ ಎಂಬ ಹಳ್ಳಿಯ ಕೂಲಿಕಾರರ ಮಗಳು, ಕಾಲೇಜಿನಲ್ಲಿ ಭಾಷೆ ಕಲಿಸುವವಳು. ಮೊದಲ ಭಾಗದಲ್ಲಿ ಮೊಬೈಲಿನಲ್ಲಿ ವಾಕ್ಯ ಕೇಳಿದ ಕೂಡಲೇ ಸರಿಯೋ ತಪ್ಪೋ ಹೇಳಬೇಕು. ಎರಡನೆಯದರಲ್ಲಿ ಅವೇ ವಾಕ್ಯಗಳು ಕಾಗದದ ಮೇಲೆ. ಬೇಕಾದಷ್ಟು ಹೊತ್ತು ತೆಗೆದುಕೊಳ್ಳಬಹುದು, ಆದರೆ ತಪ್ಪಿಗೆ ಕಾರಣ ಬರೆಯಬೇಕು. ಎರಡರಲ್ಲೂ ಪಾಸಾದರೆ ಕೆಲಸ.

ಮೊದಲ ಭಾಗದಲ್ಲಿ ದಾವಲಬೀಗೆ ನಲವತ್ತಕ್ಕೆ ಮೂವತ್ತೆಂಟು.

"ಯಪ್ಪಾ! ನನಗೂ ಇಷ್ಟು ಲಗೂ ಹೇಳಾಕ ಬರಂಗಿಲ್ಲ," ಎಂದು ಪಂಚಶೀಲಾ ನಕ್ಕಳು.

"ತಡಾ ಮಾಡಿದ್ರ ನಿಮಗ ಗಿರಾಕಿ ಬೈಯಂಗಿಲ್ಲಲ್ರಿ ಅಕ್ಕೋರ!"

ಕಾಗದ ಬಂತು. ದಾವಲಬೀ ಗುರುತು ಹಾಕಿದಳು, ಹೊಡೆದುಹಾಕಿದಳು, ಮತ್ತೆ ಹಾಕಿದಳು. ಒಂದೂವರೆ ತಾಸಾದರೂ ಕಾರಣದ ಜಾಗ ಖಾಲಿಯೇ ಇತ್ತು. ಸಿಕ್ಕ ಅಂಕ ಹದಿಮೂರು.

"ಇದನ್ನ ಆಗಳೇ ತಪ್ಪು ಅಂದಿದ್ರಿ. ಈಗ ಯಾಕ ಸರಿ ಹಾಕೀರಿ?" ಪಂಚಶೀಲಾ ಒಂದು ವಾಕ್ಯದ ಮೇಲೆ ಬೆರಳಿಟ್ಟಳು.

"ಆಗ ಬಾಯಿ ತಾನ ಹೇಳ್ತು. ಈಗ ಕೇಳಿದ್ರ ಸುಮ್ಮನ ಕುಂತದ್ರಿ."

ಕೂಡಲೇ ಹೇಳಿದ್ದಕ್ಕೂ ಯೋಚಿಸಿ ಬರೆದದ್ದಕ್ಕೂ ಬರುವ ಅಂಕಗಳ ಇಂಥ ಅಂತರದ ಮೇಲೆಯೇ ಪಂಚಶೀಲಾ ಮೂರು ವರ್ಷ ಪ್ರಬಂಧ ಬರೆದಿದ್ದಳು. ಆ ಅಂತರ ಇವತ್ತು ಎದುರಿಗೆ ಕುಳಿತು ಮೊಣಕಾಲು ಒತ್ತಿಕೊಳ್ಳುತ್ತಿತ್ತು.

"ನಾ ಪಾಸ್ ಏನ್ರಿ?"

"ಇಲ್ಲಕ್ಕ. ಮಾತು ನಿಮ್ಮಲ್ಲಿ ಪೂರಾ ಅದ. ಆದ್ರ ಕಲಿಯಾಕ ಬಂದಾಕಿ ಇದು ಯಾಕ ತಪ್ಪು ಅಂತ ಕೇಳಿದ್ರ ಏನ್ ಹೇಳ್ತೀರಿ?"

ದಾವಲಬೀ ಕಾಗದ ಮಡಿಸಿ ಅವಳ ಕಡೆ ಸರಿಸಿದಳು. "ಆಕಿ ಕೇಳೋದೂ ಖರೇ ಅದರಿ," ಎಂದಳು.

ಇಬ್ಬರನ್ನು ತೆಗೆದುಕೊಳ್ಳಿ, ನಿಯಮ ಹೇಳಲು ಒಬ್ಬಳು, ಮಾತಾಡಿಸಲು ದಾವಲಬೀ ಎಂದು ಪಂಚಶೀಲಾ ಸಂಸ್ಥೆಗೆ ಬರೆದಳು. ಹುದ್ದೆ ಒಂದೇ ಎಂದು ಉತ್ತರ ಬಂತು. ಶಹಾಪುರದ ಸುಮಲತಾ ಟೀಚರಾಗಿ ಬಂದಳು.

ಮೊದಲ ಸಂಜೆ ಕಲಿಯುವವರ ಚಾಪೆಯ ಮೇಲೆ ದಾವಲಬೀ ಇದ್ದಳು. ಪರೀಕ್ಷೆಯ ವಿಷಯ ಕೇಳಿದ್ದ ಸುಮಲತಾಳಿಗೆ ಸಂಕೋಚವಾಯಿತು.

"ನಿಮಗ ಬರ್ತದಲ್ರೀ ಅಕ್ಕ. ನೀವ್ಯಾಕ ಕುಂತೀರಿ?"

"ಬರ್ತದವ್ವ. ಬಿಡಿಸಿ ಹೇಳಾಕ ಬರಂಗಿಲ್ಲ. ಅಷ್ಟು ಕಲಿಸು."

ಇನ್ನೊಂದು ಶಾಲೆ, ಇನ್ನೊಂದು ಹುದ್ದೆ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ದಾವಲಬೀ ಹಗಲೆಲ್ಲ ಓಣಿ ತಿರುಗುತ್ತಾಳೆ. ಸಂಜೆ ಕಾಲು ಚಾಚಿ, ಮೊದಲ ಸಾಲಿನಲ್ಲಿ ಕೂರುತ್ತಾಳೆ.