ಎಮ್ಮೆ ಒಪ್ಪದ ಹುಲ್ಲು

ಮುಂಬೈಯಲ್ಲಿ ಹುಲ್ಲು ಅತ್ಯಂತ ಸಮೃದ್ಧವಾಗಿ ಬೆಳೆಯುವುದು ಬಿಲ್ಡರುಗಳ ಜಾಹೀರಾತಿನಲ್ಲಿ. ಅಲ್ಲಿ ಅದಕ್ಕೆ ಮಳೆ ಬೇಡ, ಗೊಬ್ಬರ ಬೇಡ. ಮೇಯಲು ದನಗಳಂತೂ ಬೇಡವೇ ಬೇಡ. ಆ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡುವ ಸುಖೀ ಸಂಸಾರವನ್ನು ಲೋಕಲ್‌ನ ಕಿಟಕಿಯಿಂದ ದಿನವೂ ನೋಡುತ್ತ, ವಡಾಲದ ಮನೆಯಿಂದ ಘಾಟ್ಕೋಪರಿನ ಬೀಜದ ಕಂಪನಿಗೆ ಹೋಗಿ, ರೈತರಿಗಾಗಿ ಕನ್ನಡ ಕರಪತ್ರ ಬರೆಯುವುದು ನನ್ನ ಉದ್ಯೋಗ.

ನನ್ನ ತೃಣಪಾಂಡಿತ್ಯವೂ ತೃಣಸಮಾನವೇ. ಉಡುಪಿ ಹೋಟೆಲಿನವರ ಮಗನಾಗಿ ಮಸಾಲೆಯೆಂದರೆ ದೋಸೆಯದೊಂದನ್ನೇ ಬಲ್ಲ ನನಗೆ, ಕುದುರೆ ಮಸಾಲೆಯೆಂಬುದು ಮೇವಿನ ಸೊಪ್ಪು ಎಂದು ತಿಳಿದದ್ದು ಕೆಲಸಕ್ಕೆ ಸೇರಿ ವರ್ಷ ಕಳೆದ ಮೇಲೆ. ಆದರೂ ಕಂಪನಿಯ ಹೊಸ ಹುಲ್ಲಿನ ತಳಿ ನೆರೆಗೂ ಬಿಸಿಲಿಗೂ ಜಗ್ಗುವುದಿಲ್ಲವೆಂಬ ವಾರ್ತೆ ಬಂದ ಕೂಡಲೇ, 'ಜಾನುವಾರುಗಳು ಅತ್ಯಾಸಕ್ತಿಯಿಂದ ಮೇಯುತ್ತವೆ' ಎಂದು ಬರೆದುಬಿಟ್ಟಿದ್ದೆ. ಯಾವ ಜಾನುವಾರು ಎಂದು ಯಾರೂ ಕೇಳಲಿಲ್ಲ.

ಹುಲ್ಲಿನ ಪರೀಕ್ಷೆ ನಡೆದದ್ದು ದಹಿಸರದಲ್ಲಿ, ಎಮ್ಮೆ ಕಟ್ಟುವ ತಬೇಲವೊಂದರ ಪಕ್ಕದ ಜಾಗದಲ್ಲಿ. ಮಡಿಗಳಿಗೆ ನೀರು ಬಿಡುತ್ತಿದ್ದವಳು ವಿಜಯಪುರದ ಕಡೆಯ ಬಸವ್ವ; ತಬೇಲದಲ್ಲಿ ಅವಳದೇ ನಾಲ್ಕು ಎಮ್ಮೆಗಳಿದ್ದವು. ಏಪ್ರಿಲ್‌ನ ಒಂದು ಬೆಳಿಗ್ಗೆ ಶಾಮಿಯಾನ ಹಾಕಿ, ಅತಿಥಿಗಳನ್ನು ಕರೆದು, ಅವಳ ಹಿರಿಯ ಎಮ್ಮೆಗೆ ಚೆಂಡುಹೂವಿನ ಹಾರ ತೊಡಿಸಿ ನಿಲ್ಲಿಸಿದರು. ನಮ್ಮ ಮುಖ್ಯ ವಿಜ್ಞಾನಿ ಗುಪ್ತೆ ಸಾಹೇಬರು ಅರ್ಧ ಗಂಟೆ ಹುಲ್ಲಿನ ಸಹನಶಕ್ತಿಯನ್ನು ವರ್ಣಿಸಿ, ನಮ್ಮ ಸಹನಶಕ್ತಿಯನ್ನೂ ಪರೀಕ್ಷಿಸಿ, ಕೊನೆಗೆ ಒಂದು ಹಿಡಿ ಹುಲ್ಲನ್ನು ಎಮ್ಮೆಯ ಮುಂದೆ ಚಾಚಿದರು.

ಎಮ್ಮೆ ಮೂಸಿತು. ಮುಖ ತಿರುಗಿಸಿತು. ನಿಧಾನವಾಗಿ ಕತ್ತು ಹೊರಳಿಸಿ ತನ್ನ ಹಾರವನ್ನೇ ತಿನ್ನತೊಡಗಿತು.

"ಭೂಖ್ ಲಗೇಗಿ ತೋ ಖಾಯೇಗಿ," ಎಂದರು ಸಾಹೇಬರು. ಹಸಿದರೆ ತಾನೇ ತಿನ್ನುತ್ತದಂತೆ.

ಬಸವ್ವ ಸೆರಗು ಸರಿಮಾಡಿಕೊಂಡು ನನ್ನತ್ತ ತಿರುಗಿದಳು. "ಹಸದ್ರ ಯಾರರ ಏನರ ತಿಂತಾರ್ರಿ ಅಣ್ಣಾರ. ಆದ್ರ ಹಾಲ ಕಡಿಮಿ ಆಗ್ತಾವ. ನನ್ನ ಹೊಟ್ಟಿ ಹಾಲಿನ ಮ್ಯಾಲ ಐತಿ, ನಿಮ್ಮ ಹುಲ್ಲಿನ ಮ್ಯಾಲಲ್ಲ."

ನಾನು ಅನುವಾದಿಸುವ ಮೊದಲೇ ಎಮ್ಮೆ ಹಗ್ಗ ಕಿತ್ತುಕೊಂಡು, ಅತಿಥಿಗಳ ಕುರ್ಚಿಗಳ ನಡುವೆ ರಾಜಮಾರ್ಗ ಮಾಡಿಕೊಂಡು, ಮೂಲೆಯ ಮಡಿಯೊಂದಕ್ಕೆ ನುಗ್ಗಿತು. ಅಲ್ಲಿದ್ದದ್ದು ಬರ್ಸೀಮ್, ಮೂರೆಲೆಯ ಮೇವಿನ ಸೊಪ್ಪು. ಬಿಸಿಲಿಗೆ ಅರ್ಧ ಬಾಡಿದ್ದರಿಂದ ಸಾಹೇಬರು ಅದನ್ನು ಅನುತ್ತೀರ್ಣಗೊಳಿಸಿದ್ದರು. ಎಮ್ಮೆ ಆ ಅನುತ್ತೀರ್ಣನನ್ನು ಕಣ್ಣುಮುಚ್ಚಿ ಮೆಲ್ಲುತ್ತಿತ್ತು. ಬಸವ್ವ ಓಡಿಹೋಗಿ ಎಳೆದಳು: "ಬರೇ ಇದನ್ನ ತಿಂದ್ರ ಹೊಟ್ಟಿ ಉಬ್ಬತೈತಿ. ಜೋಳದ ಒಣ ಕಣಕಿ ಕೂಡಿಸಿ ಹಾಕಬೇಕ್ರಿ." ಅರ್ಧ ಗಂಟೆಯ ಭಾಷಣದಲ್ಲಿ ಇಲ್ಲದ ವಿಜ್ಞಾನ ಆ ಎರಡು ಮಾತಿನಲ್ಲಿತ್ತು, ಬರೆದುಕೊಳ್ಳಲು ಯಾರೂ ಪೆನ್ನು ತೆಗೆಯಲಿಲ್ಲ.

ಮರುದಿನ ನಾನು ಕರಪತ್ರದಿಂದ 'ಅತ್ಯಾಸಕ್ತಿ'ಯ ಆ ಸಾಲನ್ನು ತೆಗೆಯಬೇಕೆಂದೆ. "ಕನ್ನಡ ಕೌನ್ ಪಢತಾ ಹೈ? ಛಾಪ್ ದೋ," ಎಂದರು ಸಾಹೇಬರು. ಕನ್ನಡದ್ದನ್ನು ಯಾರು ಓದುತ್ತಾರೆ, ಅಚ್ಚು ಹಾಕಿಸಿಬಿಡಬೇಕಂತೆ. ನಲವತ್ತು ವರ್ಷಗಳಿಂದ ಈ ನಗರದಲ್ಲಿ ಕನ್ನಡಕ್ಕೆ ಇಂಥ ಸತ್ಕಾರ ಕಂಡು ಅಭ್ಯಾಸವಾಗಿದ್ದ ನನಗೆ ಅಂದೇಕೋ ಅದು ಸ್ವಾತಂತ್ರ್ಯದ ಘೋಷಣೆಯಂತೆ ಕೇಳಿಸಿತು. ಕೂತು, ನಡೆದದ್ದನ್ನು ನಡೆದಂತೆ ಬರೆದೆ: ಎಮ್ಮೆ ಈ ಹುಲ್ಲನ್ನು ಮೂಸಿ ಬಿಟ್ಟಿತು, ಬಾಡಿದ ಬರ್ಸೀಮನ್ನು ಮೆಚ್ಚಿ ತಿಂದಿತು, ಅದನ್ನು ಕಣಕಿ ಕೂಡಿಸಿಯೇ ಹಾಕತಕ್ಕದ್ದು. ಯಾರೂ ಓದಲಿಲ್ಲ. ಅಚ್ಚಾಯಿತು. ಊರೂರಿಗೆ ಹೋಯಿತು.

ಓದುವವರಿದ್ದರು, ಓದುಗ ಮಿತ್ರರೇ. ತಿಂಗಳೊಳಗೆ ಬೀಜದಂಗಡಿಯವರು ಒಬ್ಬೊಬ್ಬರಾಗಿ ಫೋನು ಮಾಡತೊಡಗಿದರು. ಹೊಸ ಹುಲ್ಲು ಬೇಡ, ಎಮ್ಮೆ ತಿಂದದ್ದನ್ನು ಕಳಿಸಿ. ಸಾಹೇಬರು ನನ್ನನ್ನು ಕರೆಸಿ, ಕರಪತ್ರವನ್ನು ಮೇಜಿನ ಮೇಲಿಟ್ಟು, ಸಾಲುಸಾಲಾಗಿ ಅರ್ಥ ಹೇಳಿಸಿಕೊಂಡರು. ಕೆಲಸ ಹೋಯಿತೆಂದೇ ತಿಳಿದಿದ್ದೆ. ಅವರು ಕರಪತ್ರವನ್ನು ಮಡಿಸಿ ಜೇಬಿಗಿಟ್ಟು, ಕಾರು ತರಿಸಿದರು.

ದಹಿಸರದಲ್ಲಿ ಬಸವ್ವ ಸಗಣಿ ಬಾಚುತ್ತಿದ್ದಳು. ಬರ್ಸೀಮನ್ನು ಬಿಸಿಲಿಗೆ ಗಟ್ಟಿಮಾಡಲು ಇನ್ನೊಂದು ಹಂಗಾಮು ಪ್ರಯತ್ನಿಸುವುದಾಗಿಯೂ, ಅವಳ ಅಭಿಪ್ರಾಯ ಬೇಕೆಂದೂ ಸಾಹೇಬರು ಹೇಳಿದ್ದನ್ನು ನಾನು ಕನ್ನಡಿಸಿದೆ.

"ನಾ ಏನ ಅದನ್ನ ತಿಂತೀನ್ರಿ?" ಎಂದಳು ಬಸವ್ವ, ಬಾಚುವುದನ್ನು ನಿಲ್ಲಿಸದೆ. "ತಿನ್ನಾಕಿ ಅಲ್ಲಿ ನಿಂತಾಳ. ಆಕಿನ್ನ ಕೇಳ್ರಿ."

ಹೊಳೆಯುವ ಬೂಟಿನ ಸಾಹೇಬರು ಸಗಣಿ ತುಳಿಯುತ್ತ ಎಮ್ಮೆಯ ಮುಂದೆ ಹೋಗಿ ನಿಂತರು.