ರೊಟ್ಟಿ ತಿರುಗುವ ಎತ್ತರ

ಬೀಗರ ಮನೆಗೆ ಹೋದರೆ ಉಳಿದ ಹೆಂಗಸರು ಸೀರೆ ನೋಡುತ್ತಾರೆ, ಸರ ನೋಡುತ್ತಾರೆ. ರಾಜೇಶ್ವರಿ ನೀರು ಕುಡಿಯುವ ನೆವ ಮಾಡಿ ಸೀದಾ ಅಡುಗೆಮನೆಗೆ ನುಗ್ಗುತ್ತಾಳೆ. ಕಿಟಕಿ ಯಾವ ದಿಕ್ಕಿಗಿದೆ, ಒಲೆಯಿಂದ ನೀರಿಗೆ ಎಷ್ಟು ಹೆಜ್ಜೆ, ಮೇಲಿನ ಡಬ್ಬಿ ಇಳಿಸಲು ಮಣೆ ಬೇಕೋ ಬೇಡವೋ, ಎಲ್ಲವನ್ನೂ ಲೋಟ ಖಾಲಿಯಾಗುವುದರೊಳಗೆ ನೋಡಿ ಮುಗಿಸಿರುತ್ತಾಳೆ. ಆ ಮನೆಯವರ ಹೆಸರು ಮರೆತಾಳು, ಅಡುಗೆಕಟ್ಟೆ ಮರೆಯುವುದಿಲ್ಲ. "ಗ್ಯಾಸಿನ ಹಿಂದ ಹಸರು ಟೈಲ್ಸ್ ಹಚ್ಚ್ಯಾರಲ್ಲ, ಅವರು" ಎಂದೇ ಮಂದಿಯ ಗುರುತು ಹೇಳುತ್ತಾಳೆ.

ಈ ಹುಚ್ಚಿಗೆ ಕಾರಣ ಅವಳದೇ ಮನೆ. ದುರ್ಗದಬೈಲಿನ ಹಿಂದಿನ ಓಣಿಯ ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷವಾಯಿತು. ಮುಂದೆ ಪಡಸಾಲೆ, ಅದರ ಹಿಂದೆ ಕಾಳಿನ ಚೀಲದ ಕೋಣೆ, ಅದರ ಹಿಂದೆ ದೇವರ ಕೋಣೆ, ಎಲ್ಲ ಮುಗಿದ ಮೇಲೆ ಅಡುಗೆಮನೆ. ಬೆಳಕು ಅಷ್ಟು ದೂರ ನಡೆದು ಬರುವಷ್ಟರಲ್ಲಿ ದಣಿದುಹೋಗುತ್ತಿತ್ತು. ಹಾಡಹಗಲೇ ಬಲ್ಬು ಹಚ್ಚಿಕೊಂಡು, ನೆಲದ ಮೇಲೆ ಕೂತು, ದಿನಕ್ಕೆ ಮೂವತ್ತು ನಲವತ್ತು ರೊಟ್ಟಿ ಬಡಿದವಳು ಅವಳು. ಪಡಸಾಲೆಯಲ್ಲಿ ಯಾರು ಬಂದರು, ಯಾರು ಹೋದರು ಎಂಬುದು ಅವಳಿಗೆ ತಿಳಿಯುತ್ತಿದ್ದದ್ದು ಚಪ್ಪಲಿಯ ಸದ್ದಿನಿಂದ, ಮತ್ತು "ಇನ್ನೆರಡು ಚಾ" ಎಂಬ ಕೂಗಿನಿಂದ.

ಈಗ ಉಣಕಲ್ ಆಚೆಯ ಹೊಸ ಬಡಾವಣೆಯಲ್ಲಿ ಅವರದೊಂದು ಮನೆ ಏಳುತ್ತಿತ್ತು. ಗಂಡ ಬಸವಪ್ರಭು ಕಾಳಿನ ವ್ಯಾಪಾರಿ. ಪೇಟೆಯಲ್ಲಿ ಎಂಥ ಕಡಲೆಯನ್ನೂ ಅಂಗೈಯಲ್ಲಿ ಉರುಳಿಸಿಯೇ ತೂಕ ಹೇಳುವವನು, ಮನೆಯ ವಿಷಯಕ್ಕೆ ಮಾತ್ರ "ಡಿಸೈನರ್ ಬಾಯಾರು ಹೇಳಿದಂಗ ಆಗ್ಲಿ" ಎಂದು ಕೈ ತೊಳೆದುಕೊಂಡಿದ್ದ. ಡಿಸೈನರ್ ಎಂದರೆ ಧಾರವಾಡದ ಋತುಜಾ, ಇಪ್ಪತ್ತೆಂಟರ ಚುರುಕು ಹುಡುಗಿ. ಆದರೆ ಋತುಜಾಳಿಗೆ ನಿಜವಾದ ಗಿರಾಕಿ ಯಾರೆಂದು ಮೊದಲ ವಾರದಲ್ಲೇ ಗೊತ್ತಾಗಿತ್ತು. ಮಧ್ಯಾಹ್ನ ಎಲ್ಲರ ಊಟ ಮುಗಿದು ಬಾಂಡೆ-ಪಾತ್ರೆಗಳು ಹಿತ್ತಲಿಗೆ ಹೋದ ಮೇಲೆ ರಾಜೇಶ್ವರಿ ಫೋನು ಹಿಡಿದು ಮನೆ ತೋರಿಸುವ ವಿಡಿಯೋಗಳನ್ನು ನೋಡುತ್ತಿದ್ದಳು. ಇಷ್ಟವಾದದ್ದನ್ನು ಅಲ್ಲೇ ನಿಲ್ಲಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ, ಋತುಜಾಳಿಗೆ ಕಳಿಸುತ್ತಿದ್ದಳು. ಹಿಂದೆಯೇ ಅವಳ ದನಿಯ ಒಂದು ಮೆಸೇಜು. "ಋತುಜಾ, ಈ ಕೆಂಪ ಮಣ್ಣಿನ ಜಾಳಿ ನೋಡವಾ! ಬಿಸಿಲು ಹ್ಯಾಂಗ ಚುಕ್ಕಿ ಚುಕ್ಕಿ ಬೀಳತೈತಿ, ಯಾರೋ ನೆಲದ ಮ್ಯಾಲೆ ಜ್ವಾಳಾ ಚೆಲ್ಲಿದಂಗ!"

ಜಾಳಿ ಬಂತು. ಮೆಟ್ಟಿಲ ಮೇಲೆ ಗಾಜಿನ ಸೂರು ಬಂತು. ಒಲೆಯ ಹಿಂದಿನ ಗೋಡೆಗೆ ಇಳಕಲ್ ಸೀರೆಯ ಸೆರಗಿನಂತೆ ಕೆಂಪು-ಬಿಳಿ ತೆನೆಯ ಟೈಲ್ಸ್ ಆಯ್ಕೆಯಾಯಿತು. ಆ ದಿನ ರಾಜೇಶ್ವರಿಗೆ ಊಟವೇ ಸೇರಲಿಲ್ಲ, ಅಷ್ಟು ಸಂಭ್ರಮ. ಟಿವಿಯ ಹಿಂದೆ ಋತುಜಾ ಬರೆದಿದ್ದ ಗೆರೆ ಗೆರೆಯ ಮರದ ಹಲಗೆ ಮಾತ್ರ ಬರಲಿಲ್ಲ. "ಛಂದ ಐತಿ, ಖರೇ. ಈ ಸಂದಿಯೊಳಗಿನ ಧೂಳ ಯಾರು ತಗೀತಾರ, ಅವರ ಹೆಸರೂ ನಕ್ಷಾದಾಗ ಬರಿ" ಎಂದಳು ರಾಜೇಶ್ವರಿ. ಋತುಜಾ ನಕ್ಕು ಹಲಗೆ ತೆಗೆದಳು.

ಸೋಮವಾರ ಸಂಜೆ ಋತುಜಾ ಅಡುಗೆಮನೆಯ ಕೊನೆಯ ಚಿತ್ರ ತಂದಳು. ಫೋಟೋ ತೆಗೆದಂತೆ ಇತ್ತು. ಹಾಲ್ ಮತ್ತು ಅಡುಗೆಮನೆಯ ನಡುವೆ ಗೋಡೆಯೇ ಇಲ್ಲ. ರಸ್ತೆಯ ಕಡೆಗೆ ಒಂಬತ್ತು ಅಡಿಯ ಕಿಟಕಿ. ನಡುವೆ ಎಲ್ಲಕ್ಕೂ ದೂರವಾಗಿ ಒಂದು ಕಲ್ಲಿನ ಕಟ್ಟೆ, ಮೇಲೆ ಮೂರು ದೀಪ ಜೋತಾಡುತ್ತಿದ್ದವು. ಬಸವಪ್ರಭು ಕಣ್ಣರಳಿಸಿದ.

"ಐಲ್ಯಾಂಡ್ ಕಿಚನ್ ಅಂತಾರ ಇದಕ್ಕ. ಪ್ಯಾಟ್ಯಾಗ ಎಲ್ಲಾರಿಗೂ ಹೇಳೇನಿ."

"ಐಲ್ಯಾಂಡ್ ಅಂದ್ರ ನಡುಗಡ್ಡಿ ಹೌದಲ್ರಿ?" ಎಂದಳು ರಾಜೇಶ್ವರಿ. "ಅದರಾಗ ನಾ ಒಬ್ಬಾಕಿ. ನೀವೆಲ್ಲಾ ದಂಡಿ ಮ್ಯಾಲೆ ಕುಂತು ಚಾ ಬೇಡವ್ರು."

ಅವಳ ಕಣ್ಣು ಆಗಲೇ ಬೇರೆ ಕಡೆ ನೆಟ್ಟಿತ್ತು. ಚಿತ್ರದ ಕಟ್ಟೆಯ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಉದ್ದನೆಯ ನಿಲುವು, ಪ್ಯಾಂಟು, ಕೈಯಲ್ಲೊಂದು ಚಹದ ಕಪ್ಪು.

"ಈಕಿ ಯಾರವಾ?"

"ಯಾರೂ ಅಲ್ರಿ ಆಂಟಿ. ಸಾಫ್ಟ್‌ವೇರ್‌ನಾಗ ಬರ್ತಾಳ. ಸೈಜ್ ಗೊತ್ತಾಗ್ಲಿ ಅಂತ ನಿಂದರಸ್ತೇವಿ."

"ರೊಟ್ಟಿ ಬಡೀತಾಳೇನು?"

"ಏನ್ರಿ?"

"ಈಕಿ. ಜ್ವಾಳದ ರೊಟ್ಟಿ ಬಡೀತಾಳೇನು ಅಂತ ಕೇಳ್ದೆ."

ಬಸವಪ್ರಭು ನಕ್ಕ. "ಏ ರಾಜೀ, ಚಿತ್ರದಾಗಿನ ಹೆಣಮಗಳಿಗೂ ಕೆಲಸಾ ಹಚ್ಚಬ್ಯಾಡ."

"ಆಕಿ ಎತ್ತರಕ್ಕ ಕಟ್ಟಿ ಕಟ್ಟಾಕತ್ತೀರಲ್ರಿ. ಹಂಗಾದ್ರ ಕೆಲಸಾನೂ ಆಕೀನ ಮಾಡ್ಲಿ."

ಕಟ್ಟೆಯ ಎತ್ತರ ಮೂವತ್ನಾಲ್ಕು ಇಂಚು, ಅದು ಸ್ಟ್ಯಾಂಡರ್ಡ್, ಎಲ್ಲರ ಮನೆಯಲ್ಲೂ ಅಷ್ಟೇ ಎಂದಳು ಋತುಜಾ. ಅಲ್ಲದೆ ತಡವಾಗಿಬಿಟ್ಟಿತ್ತು. ತಾರಿಹಾಳದ ಕಲ್ಲಿನ ಕಾರ್ಖಾನೆಯಲ್ಲಿ ಫಕೀರಪ್ಪ ಅವರ ಕಲ್ಲನ್ನು ತೆಗೆದಿಟ್ಟಿದ್ದ. ಮಂಗಳವಾರ ನಾಲ್ಕು ಗಂಟೆಗೆ ಅದು ಯಂತ್ರಕ್ಕೆ ಏರುತ್ತದೆ. ಕಟ್ಟೆ ಹೊರುವ ನಿಲುಗಲ್ಲುಗಳು ಒಮ್ಮೆ ಕತ್ತರಿಸಿ ಬಂದರೆ ಮುಗಿಯಿತು, ಆ ಎತ್ತರವೇ ಗತಿ.

ಐದಡಿಗೆ ಒಂದಿಂಚು ಕಡಿಮೆ ಇರುವ ರಾಜೇಶ್ವರಿ ಆ ರಾತ್ರಿ ಅಳತೆಯ ಟೇಪು ಹುಡುಕಿ ತೆಗೆದಿಟ್ಟಳು. ಇಪ್ಪತ್ತೇಳು ವರ್ಷ ಕತ್ತಲೆಗೆ ಹೊಂದಿಕೊಂಡದ್ದಾಯಿತು. ಬೆಳಕಿನ ಮನೆಗೆ ಹೋಗಿ ಅಲ್ಲಿ ಪ್ಯಾಂಟಿನ ಹೆಂಗಸಿಗೆ ಹೊಂದಿಕೊಳ್ಳಲು ಅವಳು ತಯಾರಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಹೊಸ ಮನೆಯ ಮುಂದೆ ಆಟೋ ನಿಂತಿತು. ಇಳಿದವರು ರಾಜೇಶ್ವರಿ ಮತ್ತು ಕಾಳವ್ವ. ಕಾಳವ್ವ ಹದಿನೆಂಟು ವರ್ಷದಿಂದ ಅವರ ಮನೆಯ ಬಾಂಡೆ-ಬಟ್ಟೆ ನೋಡಿಕೊಂಡವಳು. ತಲೆಯ ಮೇಲೆ ಹಿಟ್ಟು ಕಲಸುವ ಪರಾತ, ಕಂಕುಳಲ್ಲಿ ಜೋಳದ ಹಿಟ್ಟಿನ ಚೀಲ. ರಾಜೇಶ್ವರಿಯ ಕೈಯಲ್ಲಿ ರಂಗೋಲಿ ಪುಡಿಯ ದೊಡ್ಡ ಡಬ್ಬಿ, ಸೊಂಟದಲ್ಲಿ ಅಳತೆಯ ಟೇಪು.

ಗೌಂಡಿ ಬೀರಲಿಂಗಪ್ಪ ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡುತ್ತಿದ್ದವನು ಕರಣಿ ಕೆಳಗಿಟ್ಟ. "ಅಕ್ಕಾರ, ಇವತ್ತ ಯಾವ ಹಬ್ಬರಿ?"

"ಅಳತಿ ಹಬ್ಬ. ನಿನ್ನ ಚಾದ ಒಲಿ ಮ್ಯಾಲೆ ಒಂದ ಚರಿಗಿ ನೀರ ಕಾಯಾಕ ಇಡು. ಆಮ್ಯಾಲೆ ಇಟ್ಟಂಗಿ ತಾ, ಎಷ್ಟ ಅದಾವೋ ಅಷ್ಟು."

ಅವಳು ಸೆರಗು ಸಿಕ್ಕಿಸಿ ಕೂತಳು. ಒರಟು ಕಾಂಕ್ರೀಟಿನ ನೆಲದ ಮೇಲೆ ರಂಗೋಲಿಯ ಗೆರೆ ಓಡತೊಡಗಿತು. ಇಲ್ಲಿ ಕಟ್ಟೆ, ಇಲ್ಲಿ ಫ್ರಿಜ್, ಇಲ್ಲಿ ಒಲೆ, ಅಲ್ಲಿ ಸೋಫಾ, ಅದರಾಚೆ ತೂಗುಮಂಚ. ದಿನಾ ಬೆಳಿಗ್ಗೆ ಚುಕ್ಕಿ ಎಣಿಸುವ ಕೈ ಅದು. ಟೇಪು ಇಟ್ಟು ನೋಡಿದ ಬೀರಲಿಂಗಪ್ಪನಿಗೆ ಎಲ್ಲೂ ಅರ್ಧ ಇಂಚು ತಪ್ಪು ಸಿಗಲಿಲ್ಲ. ಕಾಗದದ ಮೇಲೆ ಅಂಗೈಯಷ್ಟಿದ್ದ ಅಡುಗೆಮನೆ ಗಂಟೆಯೊಳಗೆ ತನ್ನ ನಿಜವಾದ ಗಾತ್ರದಲ್ಲಿ ನೆಲದ ಮೇಲೆ ಬೆಳ್ಳಗೆ ಹಾಸಿಕೊಂಡಿತು. ರಾಜೇಶ್ವರಿ ಅದರ ನಡುವೆ ನಿಂತು ಒಂದು ಸುತ್ತು ತಿರುಗಿದಳು. ಮೈ ಜುಮ್ಮೆಂದಿತು.

ಋತುಜಾ ಬಂದಳು, ಬಾಗಿಲಲ್ಲೇ ನಿಂತು ಬಾಯಿ ತೆರೆದಳು. ಹಿಂದೆಯೇ ಬಸವಪ್ರಭು ಬಂದ, ಫೋನಿನಲ್ಲಿ ಮಾತಾಡುತ್ತ ಗೆರೆಗಳ ಮೇಲೆ ಹಾಯ್ದುಬಂದ.

"ಫ್ರಿಜ್ಜಿನಾಗ ಹಾದು ಬಂದ್ರಿ ನೋಡ್ರಿ," ಎಂದಳು ರಾಜೇಶ್ವರಿ. "ಹೋಗ್ರಿ, ಸೋಫಾದಾಗ ಕುಂದರ್ರಿ. ದಿನಾ ಏನ್ ಅಂತೀರಿ, ಅದನ್ನ ಅನ್ರಿ."

ಅವನು ರಂಗೋಲಿಯ ಸೋಫಾದಲ್ಲಿ ಪ್ಲಾಸ್ಟಿಕ್ ಖುರ್ಚಿ ಹಾಕಿ ಕೂತು, ನಾಟಕದವನಂತೆ ಕೂಗಿದ. "ರಾಜೀ, ನೀರು!"

ಅವಳು ನಡೆದಳು. ನಡುಗಡ್ಡೆಯನ್ನು ಸುತ್ತಿ ಫ್ರಿಜ್‌ಗೆ, ಮತ್ತೆ ಸುತ್ತಿ ಲೋಟಕ್ಕೆ, ಮತ್ತೆ ಸುತ್ತಿ ಸೋಫಾಕ್ಕೆ. ಬೀರಲಿಂಗಪ್ಪ ಜೋರಾಗಿ ಎಣಿಸಿದ. ಇಪ್ಪತ್ತಾರು ಹೆಜ್ಜೆ.

"ನೀವು ಎರಡು ಮಾತ ಆಡಿದ್ರಿ, ನಾ ಇಪ್ಪತ್ತಾರು ಹೆಜ್ಜಿ ಹಾಕ್ದೆ," ಎಂದಳು. "ಈಗ ಏಳ್ರಿ, ನೀವ ತಗೊಳ್ರಿ."

ಬಸವಪ್ರಭು ಎದ್ದು ಹೊರಟ. ಎರಡನೇ ತಿರುವಿನಲ್ಲೇ ಅವನ ಮುಖ ಸಣ್ಣದಾಯಿತು. "ಈ ನಡುಗಡ್ಡಿ ಸ್ವಲ್ಪ ಅಡ್ಡ ಬರತೈತಿ ನೋಡು," ಎಂದ, ಅದನ್ನು ತಾನೇ ಕಂಡುಹಿಡಿದವನಂತೆ.

ಆಮೇಲೆ ಇಟ್ಟಿಗೆ. ಕಿಟಕಿಯ ಕೆಳಗೆ ಮೂವತ್ನಾಲ್ಕು ಇಂಚು ಎತ್ತರಕ್ಕೆ ಸಾಲಿನ ಮೇಲೆ ಸಾಲು ಪೇರಿಸಿ ಮೇಲೊಂದು ಚಪ್ಪಟೆ ಫರ್ಸಿ ಕಲ್ಲು ಇಟ್ಟ ಬೀರಲಿಂಗಪ್ಪ. ರಾಜೇಶ್ವರಿ ಬಿಸಿನೀರು ಹಾಕಿ ಹಿಟ್ಟು ನಾದಿದಳು, ಉಂಡೆ ಮಾಡಿ ಕಲ್ಲಿನ ಮೇಲಿಟ್ಟು ಬಡಿದಳು. ಮೊಣಕೈ ಮೇಲೆದ್ದಿತು, ಹಿಮ್ಮಡಿ ಮೇಲೆದ್ದಿತು, ರೊಟ್ಟಿ ಇದ್ದಲ್ಲೇ ಕೂತಿತು. ಇನ್ನೆರಡು ಏಟಿಗೆ ಅಂಚು ಬಿರಿಯಿತು.

"ನೋಡವಾ ಋತುಜಾ. ರೊಟ್ಟಿಗೆ ಶಕ್ತಿ ಭುಜದಿಂದ ಬರಬೇಕು. ಭಾರ ಸರಿಯಾಗಿ ಬಿದ್ರ ರೊಟ್ಟಿ ಕೈಯಾಗ ತಾನ ತಿರಗತೈತಿ. ತಿರಗಲಿಲ್ಲಾಂದ್ರ ಕಟ್ಟಿ ತಪ್ಪೈತಿ. ಒಂದ ಸಾಲ ತಗಿ ಬೀರಲಿಂಗಪ್ಪಾ."

ಮೂವತ್ತೊಂದು ಇಂಚು. ರೊಟ್ಟಿ ಅರ್ಧ ತಿರುಗಿ ನಿಂತಿತು. ಇನ್ನೊಂದು ಸಾಲು ಇಳಿಯಿತು. ಇಪ್ಪತ್ತೆಂಟು. ರಾಜೇಶ್ವರಿ ಹೊಸ ಉಂಡೆ ಇಟ್ಟಳು. ಪಟ್, ಪಟ್, ಪಟಪಟಪಟ. ರೊಟ್ಟಿ ಅವಳ ಅಂಗೈ ಕೆಳಗೆ ಸುತ್ತತೊಡಗಿತು. ಅಗಲವಾಗುತ್ತ, ತೆಳ್ಳಗಾಗುತ್ತ, ಬುಗುರಿಯಂತೆ ಸುತ್ತಿತು. ಖಾಲಿ ಮನೆಯ ತುಂಬ ಆ ಸದ್ದು ಮೊಳಗಿ ಮಹಡಿಯ ಮೇಲಿದ್ದ ಕೆಲಸದವರೂ ಇಣುಕಿ ನೋಡಿದರು.

"ತಿರಗಾಕತ್ತೇತಿ! ನಿಂತ ಬಡಿಯಾಕತ್ತೇನಿ ನೋಡ್ರಿ, ನಿಂತು!" ಎಂದು ಕೂಗಿದಳು ರಾಜೇಶ್ವರಿ.

ಋತುಜಾ ಗಲ್ಲಕ್ಕೆ ಕೈ ಹಚ್ಚಿಕೊಂಡು ನಿಂತಿದ್ದಳು. "ಆಂಟಿ, ನಮ್ಮ ಮಮ್ಮೀಗೆ ನಾನ ಕಿಚನ್ ಮಾಡಿಕೊಟ್ಟೇನಿ. ಬಿಳೀ ಕಲ್ಲು, ಮೂವತ್ನಾಲ್ಕ ಇಂಚು. ಮಮ್ಮಿ ದಿನಾ ಅದರ ಕೆಳಗ ಪೇಪರ್ ಹಾಸಿ, ನೆಲದ ಮ್ಯಾಲೆ ಕುಂತು ರೊಟ್ಟಿ ಬಡೀತಾಳ. ರೂಢಿ ಅಂತ ತಿಳ್ಕೊಂಡಿದ್ದೆ ನಾ."

"ನೀ ಕೇಳಿದ್ದೇನು?"

"ಇಲ್ರಿ." ಅವಳು ಆಗಲೇ ಇಟ್ಟಿಗೆಯ ಮೇಲೆ ಪೆನ್ಸಿಲಿನಿಂದ ಗೀಚುತ್ತಿದ್ದಳು. "ಒಲೀನೂ ಕೆಳಗ ಇಳಸೋಣ್ರಿ. ಐಲ್ಯಾಂಡ್ ತಗದ್ರ ಆ ಕಲ್ಲು ಪೂರ್ತಿ ಕಿಟಕಿ ಕೆಳಗ ಬರ್ತದ. ಒಂಬತ್ತ ಅಡಿ! ಅಂಚ ದುಂಡಗ ಮಾಡೋಣ, ದೀಪಾ ಮೂರೂ ಇಲ್ಲೇ ತರೋಣ."

"ಪ್ಯಾಟ್ಯಾಗ ನಾ ಏನಂತ ಹೇಳ್ಲಿ?" ಎಂದ ಬಸವಪ್ರಭು.

"ನಡುಗಡ್ಡಿ ತೇಲಿ ಬಂದು ದಂಡಿಗೆ ಹತ್ತಿತು ಅಂತ ಹೇಳ್ರಿ."

ಎಲ್ಲರೂ ನಕ್ಕರು. ಚಹದ ಒಲೆಯ ಮೇಲೆ ತಗಡು ಇಟ್ಟು ರೊಟ್ಟಿ ಬೇಯಿಸಿದರು, ಬೀರಲಿಂಗಪ್ಪನ ಬುತ್ತಿಯ ಕೆಂಪು ಖಾರ ಹಚ್ಚಿಕೊಂಡು ನಿಂತೇ ತಿಂದರು. ಗೆದ್ದ ಹುರುಪಿನಲ್ಲಿ ರಾಜೇಶ್ವರಿ ಕಾಳವ್ವನ ಕೈ ಹಿಡಿದು ಮನೆ ತೋರಿಸಿದಳು. ಕಾಳವ್ವ ಗೆರೆ ತುಳಿಯದಂತೆ ಸೀರೆ ಎತ್ತಿ ಹಿಡಿದು ನಡೆದಳು. ಫ್ರಿಜ್ ನೋಡಿದಳು, ತೂಗುಮಂಚ ನೋಡಿದಳು, ಹಿಂಬಾಗಿಲು ದಾಟಿ ನಿಂತಳು. ರಂಗೋಲಿ ಅಲ್ಲಿಗೆ ಮುಗಿದಿತ್ತು.

"ಛಲೋ ಆಗೇತ್ರಿ ಅಕ್ಕಾರ. ನಾ ಎಲ್ಲಿ ಕುಂದರೂದ್ರಿ?"

ಕೇಳಿದ್ದರಲ್ಲಿ ಕೊಂಕೇನೂ ಇರಲಿಲ್ಲ. ನಾಳೆ ಬಾಂಡೆ ತಿಕ್ಕಲು ಎಲ್ಲಿ ಕೂರಬೇಕೋ ತಿಳಿದುಕೊಳ್ಳಲು ಕೇಳಿದ್ದಳು. ರಾಜೇಶ್ವರಿ ನಕ್ಷೆ ತೆಗೆದು ನೋಡಿದಳು. ಹಿಂದೆ ಮೂರಡಿ-ನಾಲ್ಕಡಿಯ ಜಾಗ. ಅದರಲ್ಲಿ ಬಟ್ಟೆ ತೊಳೆಯುವ ಮಷೀನು, ಗ್ಯಾಸಿನ ಸಿಲಿಂಡರು, ಕಸಬರಿಗೆ. ಮೂಲೆಯಲ್ಲಿ ನೆಲದಿಂದ ಗೇಣೆತ್ತರಕ್ಕೆ ಒಂದು ನಲ್ಲಿ. ಮೇಲೆ ಸೂರಿಲ್ಲ.

ಅವಳು ನಕ್ಷೆ ಮಡಚಿದಳು. ಹದಿನೆಂಟು ವರ್ಷ ಹಿತ್ತಲಿನ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತ ಈ ಹೆಂಗಸು ಏಳುವಾಗ ಗೋಡೆ ಹಿಡಿಯುವುದನ್ನು ಅವಳು ದಿನಾ ನೋಡಿದ್ದಳು. ಬೆಳಗಿನಿಂದ ಎಲ್ಲರ ಹೆಜ್ಜೆ ಎಣಿಸಿದ್ದಳು, ಕಾಳವ್ವನದನ್ನು ಎಣಿಸಿರಲಿಲ್ಲ. ತೂಗುಮಂಚಕ್ಕೆ ಗೆರೆ ಎಳೆದವಳು ಕಾಳವ್ವನಿಗೆ ಎಳೆದಿರಲಿಲ್ಲ.

"ಕುಂದರೂದಿಲ್ಲ," ಎಂದಳು ರಾಜೇಶ್ವರಿ. "ಒಳಗ ಬಾ. ನಿಂದರು ಇಲ್ಲಿ."

ಕಿಟಕಿಯ ಕೆಳಗೆ, ಇಪ್ಪತ್ತೆಂಟು ಇಂಚಿನ ಕಟ್ಟೆಯ ಪಕ್ಕದಲ್ಲೇ, ಮತ್ತೆ ಇಟ್ಟಿಗೆ ಏರಿತು, ಈ ಸಲ ಮೂವತ್ಮೂರು ಇಂಚಿಗೆ.

"ಇದು ಆಜೂಬಾಜೂ ಏರುಪೇರು ಕಾಣ್ತೈತಲ್ಲಾ," ಎಂದ ಬಸವಪ್ರಭು.

"ನಾವಿಬ್ಬರೂ ಆಜೂಬಾಜೂ ನಿಂತ್ರ ಹ್ಯಾಂಗ ಕಾಣ್ತೇವ್ರಿ?" ಎಂದಳು ರಾಜೇಶ್ವರಿ. ಕಾಳವ್ವ ಅವಳಿಗಿಂತ ಗೇಣುದ್ದ ಎತ್ತರ. ಬಸವಪ್ರಭು ಇಬ್ಬರನ್ನೂ ನೋಡಿದ, ತಾನೇ ಎರಡು ಇಟ್ಟಿಗೆ ತಂದುಕೊಟ್ಟ.

ಕಾಳವ್ವ ಪರಾತವನ್ನು ಇಟ್ಟಿಗೆಯ ಮೇಲಿಟ್ಟು ಬರಿಗೈಯಲ್ಲಿ ತಿಕ್ಕಿ ನೋಡಿದಳು. ಮೊದಲು ನಾಚಿದಳು. "ನಿಂತ ತಿಕ್ಕಿ ಗೊತ್ತಿಲ್ರಿ ನನಗ." ಆಮೇಲೆ ಬೆನ್ನು ನೆಟ್ಟಗಾಯಿತು, ಕಣ್ಣು ಕಿಟಕಿಯಾಚೆ ಹೋಯಿತು. "ಅಯ್ಯ, ಬಸ್ ಸ್ಟಾಪ್ ಕಾಣ್ತೈತಿ!"

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ರಾಜೇಶ್ವರಿ ತಾನೇ ಫಕೀರಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಆಚೆ ಯಾವುದೋ ಕಲ್ಲು ಕೊಯ್ಯುವ ಕಿರುಚು ಕೇಳುತ್ತಿತ್ತು.

"ಫಕೀರಪ್ಪನವರ, ಅಳತಿ ಬದಲಾಗೇತ್ರಿ. ಬರಕೊಳ್ರಿ. ರೊಟ್ಟಿ ಕಟ್ಟಿ ನಿಲುಗಲ್ಲು ಇಪ್ಪತ್ತೆಂಟು ಬರೂ ಹಂಗ. ಬಾಂಡೆ ಕಟ್ಟಿದು ಮೂವತ್ಮೂರು."

"ಎರಡೆರಡು ಎತ್ತರೇನ್ರಿ?" ಫಕೀರಪ್ಪ ಗದ್ದಲದ ಮೇಲೆ ಕೂಗಿದ. "ಕಲ್ಲು ಕಲಸಮೇಲೋಗರ ಆಗ್ತಾವ್ರಿ. ಹೆಸರ ಬರದು ಕಳಸ್ತೇನಿ. ಏನಂತ ಬರೀಲಿ, ಬಸವಪ್ರಭು ಅಂತೇನ್ರಿ?"

"ಅಲ್ಲ. ಇಪ್ಪತ್ತೆಂಟಕ್ಕ ರಾಜೇಶ್ವರಿ ಅಂತ ಬರೀರಿ. ಮೂವತ್ಮೂರಕ್ಕ ಕಾಳವ್ವ."

"ಮಾಲಕ್ರು ಎಷ್ಟ ಮಂದಿ ಅದಾರ್ರಿ ಆ ಮನಿಗೆ?"

ರಾಜೇಶ್ವರಿ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಕಾಳವ್ವ ಅವಳ ಸೆರಗು ಜಗ್ಗಿದಳು. ಇಟ್ಟಿಗೆಯ ಮುಂದೆ ನಿಂತು ಇನ್ನೂ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದ್ದಳು. ಒಮ್ಮೆ ಬಾಗಿ, ಒಮ್ಮೆ ನೆಟ್ಟಗಾಗಿ ನೋಡಿದಳು.

"ಅಕ್ಕಾರ, ನನಗ ಇನ್ನೊಂದ ಅರ್ಧ ಇಂಚ ಬೇಕ್ರಿ."

"ತಡೀರಿ ಫಕೀರಪ್ಪನವರ!" ರಾಜೇಶ್ವರಿ ಫೋನಿಗೆ ಬಾಯಿ ಹಚ್ಚಿ ಕೂಗಿದಳು. "ಮಷೀನ್ ಬಿಡಬ್ಯಾಡ್ರಿ ಇನ್ನೂ! ಮೂವತ್ಮೂರಲ್ಲ, ಮೂವತ್ಮೂರೂವರಿ!"